ನಾಲ್ಕು ಕಾಲಿನ ವಾಕರ್ ಕುಸಿಯದಂತೆ ಕಟ್ಟುವುದು ಹೇಗೆ: ಬ್ರಿಕ್ ಮಾದರಿಗೆ ಹಂತ ಹಂತದ ಮಾರ್ಗದರ್ಶಿ

ವಿಜ್ಞಾನ ಕಥೆಗಳಲ್ಲಿ ಬರುವ ದೊಡ್ಡ ನಡೆಯುವ ವಾಹನವನ್ನು (ವಾಕರ್) ಲೆಗೊ ಇಟ್ಟಿಗೆಗಳಲ್ಲಿ ಕಟ್ಟಲು ಕೂತವರು ಹೆಚ್ಚಾಗಿ ಒಂದೇ ಜಾಗದಲ್ಲಿ ಸೋಲುತ್ತಾರೆ. ಮೈ ಚೆನ್ನಾಗಿ ಬರುತ್ತದೆ. ತಲೆ ಇನ್ನೂ ಚೆನ್ನಾಗಿ ಬರುತ್ತದೆ. ಕೊನೆಗೆ ಕಾಲು ಜೋಡಿಸಿ ನಿಲ್ಲಿಸುತ್ತಾರೆ. ಸಂಜೆ ನೆಟ್ಟಗೆ ನಿಂತಿದ್ದು ಬೆಳಿಗ್ಗೆ ನೋಡಿದರೆ ಕಾಲು ಹರಡಿಕೊಂಡು, ಹೊಟ್ಟೆ ಮೇಜಿಗೆ ತಾಗಿರುತ್ತದೆ.

ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಕಾಲಿನ ಕೀಲನ್ನು ಇನ್ನಷ್ಟು ಬಿಗಿ ಮಾಡಲು ನೋಡುತ್ತಾರೆ. ಅದರಿಂದ ಒಂದೆರಡು ದಿನ ಹೆಚ್ಚು ನಿಲ್ಲಬಹುದು, ಅಷ್ಟೆ. ನಿಜವಾದ ತಪ್ಪು ಎರಡು ಕಡೆ ಇದೆ. ಮೈಯನ್ನು ಮೊದಲು ಕಟ್ಟಿ ಕಾಲನ್ನು ಕೊನೆಗೆ ಬಿಟ್ಟಿದ್ದು ಒಂದು. ಎಲ್ಲ ಕೀಲುಗಳೂ ತಿರುಗಬೇಕು ಎಂದು ಆಸೆಪಟ್ಟಿದ್ದು ಇನ್ನೊಂದು. ಈ ಎರಡನ್ನೂ ಸರಿಪಡಿಸುವ ಕ್ರಮ ಇಲ್ಲಿದೆ.

ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಒಂದೇ ಮಾದರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಮೈ 20 ಸ್ಟಡ್ (ಇಟ್ಟಿಗೆಯ ಮೇಲಿನ ಗುಂಡು ಗುಬಟು) ಉದ್ದ, 10 ಸ್ಟಡ್ ಅಗಲ. ಸೊಂಟದ ಕೀಲು ನೆಲದಿಂದ 14 ಸೆಂ.ಮೀ. ಎತ್ತರ. ಮೈ ಮತ್ತು ತಲೆ ಸೇರಿ 800 ಗ್ರಾಂ, ಒಂದೊಂದು ಕಾಲು 100 ಗ್ರಾಂ. ನಿಮ್ಮದು ಇದಕ್ಕಿಂತ ದೊಡ್ಡದಿದ್ದರೆ ಸಂಖ್ಯೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಸೆಟ್ ಕಟ್ಟುತ್ತಿರುವವರಿಗೆ 4, 8, 9 ಮತ್ತು 11ನೇ ಹಂತಗಳು ನೇರವಾಗಿ ಉಪಯೋಗಕ್ಕೆ ಬರುತ್ತವೆ.

## ಶುರು ಮಾಡುವ ಮುಂಚೆ: ಬೇಕಾದ ಸಾಮಾನು

ಇಟ್ಟಿಗೆಗಳ ಜೊತೆಗೆ ಇವು ಕೈಗೆ ಸಿಗುವಂತಿರಲಿ: ಬ್ರಿಕ್ ಸೆಪರೇಟರ್ (ಇಟ್ಟಿಗೆ ಬಿಡಿಸುವ ಸಾಧನ), 1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಸ್ಕೇಲು, ಗಟ್ಟಿ ದಾರ, ಸಣ್ಣ ಪ್ಲಾಸ್ಟಿಕ್ ಚೀಲಗಳು, ಸುಮಾರು 30 ಸೆಂ.ಮೀ. ಉದ್ದದ ಸಪಾಟಾದ ಹಲಗೆ, ಪೆನ್ಸಿಲ್, ಕಾಗದ.

ತಕ್ಕಡಿಯನ್ನು ಬಿಡಬೇಡಿ. ಕೈಯಲ್ಲಿ ಎತ್ತಿ "ಹಗುರ ಇದೆ" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅಂಟು ಬೇಡ. ಒಂದು ಸಲ ಅಂಟಿಸಿದ ಕಾಲನ್ನು ಬಿಚ್ಚಿ ತಿದ್ದಲು ಆಗುವುದಿಲ್ಲ, ಮತ್ತು ಮೊದಲ ಕಾಲು ಯಾವತ್ತೂ ತಿದ್ದುಪಡಿ ಕೇಳುತ್ತದೆ.

ಪಿನ್‌ಗಳನ್ನು ಬಣ್ಣ ನೋಡಿ ಬೇರೆ ಮಾಡಿಡಿ. ಟೆಕ್ನಿಕ್ (ಲೆಗೊದ ತೂತಿರುವ ತುಂಡುಗಳ ಸಾಲು; ಪಿನ್ ಅವನ್ನು ಜೋಡಿಸುವ ಗೂಟ) ಪಿನ್‌ಗಳಲ್ಲಿ ಕಪ್ಪು ಚಿಕ್ಕ ಪಿನ್ ಮತ್ತು ನೀಲಿ ಉದ್ದ ಪಿನ್ ಬಿಗಿಯಾಗಿ ಕೂರುತ್ತವೆ. ಬೂದು ಬಣ್ಣದ ಚಿಕ್ಕದು ಮತ್ತು ತಿಳಿ ಕಂದು ಬಣ್ಣದ ಉದ್ದದ್ದು ಸಲೀಸಾಗಿ ತಿರುಗುತ್ತವೆ. ಕಾಲಿನಲ್ಲಿ ಕಪ್ಪು ಪಿನ್ ಇರಬೇಕಾದ ಕಡೆ ಒಂದೇ ಒಂದು ಬೂದು ಪಿನ್ ಸೇರಿಕೊಂಡರೂ ಆ ಮೂಲೆ ಜಗ್ಗುತ್ತದೆ. ಆಮೇಲೆ ಕಾರಣ ಹುಡುಕಲು ಇಡೀ ಕಾಲು ಬಿಚ್ಚಬೇಕಾಗುತ್ತದೆ.

## ಹಂತ 1: ನಿಲ್ಲಬೇಕೋ, ನಡೆಯಬೇಕೋ?

ಇದನ್ನು ಮೊದಲ ದಿನವೇ ತೀರ್ಮಾನಿಸಿ. ಶೆಲ್ಫಿನಲ್ಲಿ ನಿಲ್ಲುವ ಮಾದರಿ ಮತ್ತು ಮೋಟಾರ್ ಹಾಕಿ ನಡೆಯುವ ಮಾದರಿ ನೋಡಲು ಒಂದೇ ಥರ ಇರಬಹುದು, ಆದರೆ ಒಳಗಿನ ಕಟ್ಟಡ ಪೂರ್ತಿ ಬೇರೆ. ನಿಲ್ಲುವುದಕ್ಕೆ ಕೀಲು ಬಿಗಿಯಾಗಿರಬೇಕು. ನಡೆಯುವುದಕ್ಕೆ ಸಡಿಲವಾಗಿರಬೇಕು. ಮೊದಲು ನಿಲ್ಲಿಸಿ ಆಮೇಲೆ ಮೋಟಾರ್ ತುರುಕೋಣ ಅಂದುಕೊಂಡರೆ ಎರಡೂ ಕೆಡುತ್ತವೆ.

ಮೊದಲ ಸಲ ಕಟ್ಟುವವರು ನಿಲ್ಲುವ ಮಾದರಿಯನ್ನೇ ಆರಿಸಿಕೊಳ್ಳಿ. ಮುಂದಿನ ಹಂತಗಳೆಲ್ಲ ಅದಕ್ಕೇ. ನಡೆಯುವ ಮಾದರಿಯ ಮಾತು ಕೊನೆಯಲ್ಲಿದೆ.

## ಹಂತ 2: ಅಳತೆಗಳನ್ನು ಗೋಡೆಗೆ ಅಂಟಿಸಿ

ಒಂದು ಸ್ಟಡ್‌ನಿಂದ ಪಕ್ಕದ ಸ್ಟಡ್‌ಗೆ 8 ಮಿ.ಮೀ. ಒಂದು ಇಟ್ಟಿಗೆಯ ಎತ್ತರ 9.6 ಮಿ.ಮೀ. ಒಂದು ಪ್ಲೇಟಿನ (ತೆಳು ಇಟ್ಟಿಗೆ) ಎತ್ತರ 3.2 ಮಿ.ಮೀ. ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ ಅಂತ ಎಲ್ಲರಿಗೂ ಗೊತ್ತು. ಇನ್ನೊಂದು ಲೆಕ್ಕವನ್ನು ತುಂಬಾ ಜನ ಗಮನಿಸುವುದಿಲ್ಲ: ಐದು ಪ್ಲೇಟಿನ ಎತ್ತರ ಸರಿಯಾಗಿ ಎರಡು ಸ್ಟಡ್ ಅಗಲಕ್ಕೆ ಸಮ. ಎರಡೂ 16 ಮಿ.ಮೀ.

ಇದರ ಉಪಯೋಗ ದೊಡ್ಡದು. ತೂತಿರುವ ಟೆಕ್ನಿಕ್ ಇಟ್ಟಿಗೆ ಒಂದನ್ನು ಇಡಿ. ಅದರ ಮೇಲೆ ಎರಡು ಪ್ಲೇಟ್, ಮತ್ತೆ ಒಂದು ಟೆಕ್ನಿಕ್ ಇಟ್ಟಿಗೆ. ಈಗ ಕೆಳಗಿನ ತೂತಿಗೂ ಮೇಲಿನ ತೂತಿಗೂ ಸರಿಯಾಗಿ 16 ಮಿ.ಮೀ. ಅಂದರೆ ಮೂರು ತೂತಿನ ಬೀಮ್ (ಸಾಲು ತೂತುಗಳಿರುವ ಪಟ್ಟಿ) ಒಂದನ್ನು ನೆಟ್ಟಗೆ ನಿಲ್ಲಿಸಿ ಎರಡು ತುದಿಗೂ ಪಿನ್ ಹೊಡೆಯಬಹುದು. ಆ ಪದರಗಳು ಇನ್ನು ಎಳೆದರೂ ಬಿಡುವುದಿಲ್ಲ. ಸ್ಟಡ್‌ಗಳ ಹಿಡಿತವೊಂದನ್ನೇ ನಂಬಿದ ಕಾಲು ನಿಧಾನಕ್ಕೆ ಬಾಯಿ ಬಿಡುತ್ತದೆ. ಹೀಗೆ ಬೀಮ್ ಹಾಕಿ ಕಟ್ಟಿದ ಕಾಲು ಬಿಡುವುದಿಲ್ಲ.

ಕಂಪ್ಯೂಟರ್‌ನಲ್ಲಿ ಮೊದಲು ಬಿಡಿಸಿ ನೋಡುವವರು ಬ್ರಿಕ್‌ಲಿಂಕ್ ಸ್ಟುಡಿಯೋ ಥರದ ತಂತ್ರಾಂಶ ಬಳಸಬಹುದು. ಆಕಾರ, ಬಣ್ಣ, ಬೇಕಾದ ತುಂಡುಗಳ ಪಟ್ಟಿ ಎಲ್ಲಕ್ಕೂ ಅದು ಚೆನ್ನಾಗಿದೆ. ಆದರೆ ಪರದೆಯ ಮೇಲೆ ನಿಂತ ಕಾಲು ಮೇಜಿನ ಮೇಲೂ ನಿಲ್ಲುತ್ತದೆ ಅಂತ ನಂಬಬೇಡಿ. ರಾತ್ರಿಯಿಡೀ ತೂಕ ಹೊತ್ತ ಕೀಲು ಎಷ್ಟು ಜಾರುತ್ತದೆ ಎಂಬುದು ಕೈಯಲ್ಲಿ ಕಟ್ಟಿದಾಗಲೇ ತಿಳಿಯುವುದು.

## ಹಂತ 3: ಯಾವ ಕೀಲು ತಿರುಗಬೇಕು ಅಂತ ಬರೆದಿಡಿ

ಒಂದು ಕಾಲಿಗೆ ಮೂರು ಕೀಲು: ಸೊಂಟ, ಮಂಡಿ, ಪಾದ. ನಾಲ್ಕು ಕಾಲಿಗೆ ಹನ್ನೆರಡು. ಹನ್ನೆರಡೂ ತಿರುಗುವಂತಿದ್ದರೆ ಹನ್ನೆರಡು ಕಡೆ ಮಾದರಿ ಜಾರಬಹುದು.

ನಾನು ಪಾಲಿಸುವ ಹಂಚಿಕೆ ಹೀಗಿದೆ. ಪಾದದ ಕೀಲು ಎಲ್ಲ ದಿಕ್ಕಿಗೂ ತಿರುಗಲಿ. ಅದಕ್ಕೆ ಬಾಲ್ ಜಾಯಿಂಟ್ ಸಾಕು, ಪಾದ ನೆಲಕ್ಕೆ ಸಪಾಟಾಗಿ ಕೂರಲು ಅದು ಬೇಕೇ ಬೇಕು. ಮಂಡಿ ತಿರುಗುವುದು ಬೇಡ, ಅದನ್ನು ಅಡ್ಡ ಬೀಮ್ ಹಾಕಿ ಲಾಕ್ ಮಾಡಿ. ಸೊಂಟಕ್ಕೆ ಕ್ಲಿಕ್ ಹಿಂಜ್ ಹಾಕಿ. ಕ್ಲಿಕ್ ಹಿಂಜ್‌ಗೆ ಹಲ್ಲುಗಳಿರುತ್ತವೆ, 22.5 ಡಿಗ್ರಿಗೊಂದು ಕಡೆ ಕಚ್ಚಿಕೊಳ್ಳುತ್ತದೆ. ನಿಮಗೆ ಬೇಕಾದ ಕೋನ ಎರಡು ಹಲ್ಲುಗಳ ನಡುವೆ ಬಿದ್ದರೆ ಕೋನವನ್ನೇ ಬದಲಿಸಿಕೊಳ್ಳಿ, ಹಿಂಜ್ ಬದಲಿಸಬೇಡಿ.

"ಮಂಡಿ ತಿರುಗದಿದ್ದರೆ ಏನು ಚೆಂದ?" ಅನ್ನಿಸಬಹುದು. ಅಡ್ಡ ಬೀಮಿನಲ್ಲಿ ತೂತುಗಳಿರುತ್ತವಲ್ಲ, ಪಿನ್ನನ್ನು ಒಂದು ತೂತು ಆಚೀಚೆ ಹಾಕಿದರೆ ಮಂಡಿಯ ಕೋನ ಬದಲಾಗುತ್ತದೆ. ಎರಡು ಮೂರು ಭಂಗಿ ಸಿಗುತ್ತದೆ. ಒಂದೊಂದೂ ಕಲ್ಲಿನ ಹಾಗೆ ನಿಲ್ಲುತ್ತದೆ.

## ಹಂತ 4: ಕೀಲಿಗೆ ಎಷ್ಟು ಬಲ ಬೇಕು, ಮೊದಲೇ ಅಳೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಕೊಡಬೇಕಾದ ಹಂತ ಇದು. ಕೈಕೆಲಸ ಅರ್ಧ ಗಂಟೆ, ಆಮೇಲೆ 12 ಗಂಟೆ ಕಾಯಬೇಕು, ಆದರೆ ವಾರಗಟ್ಟಲೆ ಕೆಲಸ ಉಳಿಸುತ್ತದೆ.

ಮೊದಲು ತೂಕ. 800 ಗ್ರಾಂ ಮೈಯನ್ನು ನಾಲ್ಕು ಕಾಲಿಗೆ ಹಂಚಿದರೆ ತಲಾ 200 ಗ್ರಾಂ ಅಂತ ಲೆಕ್ಕ ಹಾಕಬೇಡಿ. ನೆಲ ಸ್ವಲ್ಪ ಏರುಪೇರಾದರೆ, ಅಥವಾ ಒಂದು ಕಾಲು ಎತ್ತಿದ ಭಂಗಿಯಲ್ಲಿದ್ದರೆ, ಎದುರುಬದುರು ಮೂಲೆಯ ಎರಡು ಕಾಲುಗಳೇ ಹೆಚ್ಚುಕಡಿಮೆ ಪೂರ್ತಿ ತೂಕ ಹೊರುತ್ತವೆ. ಹಾಗಾಗಿ ಒಂದು ಕಾಲಿಗೆ ಅರ್ಧ ತೂಕ, ಅಂದರೆ 400 ಗ್ರಾಂ ಎಂದು ಇಟ್ಟುಕೊಳ್ಳಿ.

ಆಮೇಲೆ ದೂರ. ಸೊಂಟದಿಂದ ಪಾದಕ್ಕೆ ನೆಟ್ಟಗೆ ಒಂದು ಗೆರೆ ಎಳೆಯಿರಿ. ಮಂಡಿ ಆ ಗೆರೆಯಿಂದ ಎಷ್ಟು ಮುಂದೆ ಚಾಚಿದೆ? 3 ಸ್ಟಡ್ ಅಂದುಕೊಳ್ಳಿ, ಅಂದರೆ 2.4 ಸೆಂ.ಮೀ. ಮಂಡಿಯನ್ನು ಮಡಚಲು ನೋಡುವ ಬಲ 400 × 2.4 = 960 ಗ್ರಾಂ-ಸೆಂ.ಮೀ. ಮಂಡಿ 1 ಸ್ಟಡ್ ಮಾತ್ರ ಮುಂದಿದ್ದರೆ ಇದು 320ಕ್ಕೆ ಇಳಿಯುತ್ತದೆ. ನೆಟ್ಟಗಿನ ಕಾಲಿಗೆ ಬಾಗಿದ ಕಾಲಿಗಿಂತ ಎಷ್ಟು ಕಡಿಮೆ ಕಷ್ಟ ಅಂತ ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ಈಗ ಪರೀಕ್ಷೆ. ಕಾಲಿನಲ್ಲಿ ಹೇಗಿರುತ್ತದೋ ಹಾಗೇ ಒಂದು ಕೀಲು ಕಟ್ಟಿ. ಅದನ್ನು ಮೇಜಿನ ಅಂಚಿಗೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ಕೀಲಿನಿಂದ 15 ತೂತಿನ ಬೀಮ್ ಅಡ್ಡಕ್ಕೆ ಹೊರಚಾಚಲಿ. ಮೊದಲ ತೂತಿನಿಂದ ಕೊನೆಯ ತೂತಿಗೆ 14 ಅಂತರ, ಅಂದರೆ 11.2 ಸೆಂ.ಮೀ. ಕೊನೆಯ ತೂತಿಗೆ ದಾರ ಕಟ್ಟಿ ಚೀಲ ನೇತುಹಾಕಿ. 960ನ್ನು 11.2ರಿಂದ ಭಾಗಿಸಿದರೆ 86 ಗ್ರಾಂ. ಇದು ಕನಿಷ್ಠ. ಒಂದೂವರೆ ಪಟ್ಟು ಹಾಕಿ, ಸುಮಾರು 130 ಗ್ರಾಂ. ಚೀಲಕ್ಕೆ ಬಿಡಿ ಇಟ್ಟಿಗೆ ತುಂಬಿ ತೂಗಿಕೊಂಡರೆ ಆಯಿತು.

ಬೀಮಿನ ಹಿಂದೆ ಕಾಗದ ನಿಲ್ಲಿಸಿ ತುದಿ ಎಲ್ಲಿದೆ ಎಂದು ಗುರುತು ಹಾಕಿ. 12 ಗಂಟೆ ಬಿಟ್ಟು ನೋಡಿ. ತಕ್ಷಣ ಜಾರಿದರೆ ಆ ಕೀಲು ಪ್ರಯೋಜನವಿಲ್ಲ. ತಕ್ಷಣ ನಿಂತು ಬೆಳಿಗ್ಗೆ ಹೊತ್ತಿಗೆ ಗುರುತಿನಿಂದ ಕೆಳಗಿಳಿದಿದ್ದರೂ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಒಂದೇ ಭಾರವನ್ನು ತುಂಬಾ ಹೊತ್ತು ಹೊತ್ತರೆ ನಿಧಾನಕ್ಕೆ ಸೋಲುತ್ತದೆ. ಸಂಜೆ ನಿಂತ ವಾಕರ್ ಬೆಳಿಗ್ಗೆ ಕುಸಿಯುವ ಗುಟ್ಟು ಇದೇ.

ಪಿನ್ ಒಂದರ ಮೇಲೆ ನಿಂತ ಕೀಲು ಈ ಪರೀಕ್ಷೆಯಲ್ಲಿ ಸೋತರೆ ಎರಡು ದಾರಿಗಳಿವೆ. ಅದೇ ಗೆರೆಯಲ್ಲಿ ಎರಡೂ ಬದಿಗೆ ಒಂದೊಂದು ಬಿಗಿ ಪಿನ್ ಹಾಕಿ, ಹಿಡಿತ ಜಾಸ್ತಿಯಾಗುತ್ತದೆ. ಇದಕ್ಕಿಂತ ಒಳ್ಳೆಯದು ತ್ರಿಕೋನ. 7, 9 ಮತ್ತು 11 ತೂತಿನ ಬೀಮ್‌ಗಳನ್ನು ತುದಿಗೆ ತುದಿ ಸೇರಿಸಿ ನೋಡಿ. ತೂತುಗಳ ನಡುವಿನ ಅಂತರ 6, 8, 10. ಸರಿಯಾದ ಲಂಬ ತ್ರಿಕೋನ ತಾನಾಗಿಯೇ ಕೂರುತ್ತದೆ, ಯಾವ ಪಿನ್ನನ್ನೂ ಎಳೆದಾಡಿ ಹಾಕಬೇಕಾಗಿಲ್ಲ. ತ್ರಿಕೋನದಲ್ಲಿ ಪಿನ್ ಜಾರುವ ಪ್ರಶ್ನೆಯೇ ಬರುವುದಿಲ್ಲ. ಬೀಮ್ ಮುರಿಯದೆ ಕೋನ ಬದಲಾಗಲಾರದು.

## ಹಂತ 5: ಪಾದ

ಪಾದ ಅಗಲವಾಗಿರಲಿ. ನಮ್ಮ ಅಳತೆಗೆ 6×6 ಸ್ಟಡ್ ಬೇಕು. 4×4 ಪಾದ ನೋಡಲು ಚೂಪಾಗಿ ಚೆನ್ನಾಗಿರುತ್ತದೆ, ಆದರೆ ಪಕ್ಕಕ್ಕೆ ವಾಲಿದಾಗ ತಡೆಯುವ ಶಕ್ತಿ ಕಡಿಮೆ. ಪಾದದ ಕೀಲು ಪಾದದ ಸರಿ ಮಧ್ಯಕ್ಕೆ ಬರಲಿ.

ಪಾದ ಸ್ವಲ್ಪ ಭಾರವಾಗಿದ್ದರೆ ಒಳ್ಳೆಯದು. ಒಳಗೆ ಟೊಳ್ಳು ಬಿಡದೆ ಪ್ಲೇಟ್ ತುಂಬಿ. ಆದರೆ ಕೆಳಗೆ ನುಣುಪು ಟೈಲ್ (ಸ್ಟಡ್ ಇಲ್ಲದ ತುಂಡು) ಹಾಕಬೇಡಿ. ಗಾಜಿನ ಶೆಲ್ಫಿನ ಮೇಲೆ ಟೈಲ್ ಜಾರುತ್ತದೆ, ಕಾಲು ಹರಡುವುದು ಅಲ್ಲಿಂದಲೇ ಶುರು. ರಬ್ಬರಿನ ತುಂಡು ಸಿಕ್ಕರೆ ಪ್ರತಿ ಪಾದದ ಕೆಳಗೆ ಒಂದೆರಡು ಕೂರಿಸಿ. ಪರೀಕ್ಷೆಯನ್ನು ನುಣುಪಾದ ಮೇಜಿನ ಮೇಲೇ ಮಾಡಿ. ಜಮಖಾನದ ಮೇಲೆ ಎಲ್ಲ ವಾಕರ್‌ಗಳೂ ನಿಲ್ಲುತ್ತವೆ, ಅದು ಸುಳ್ಳು ಧೈರ್ಯ ಕೊಡುತ್ತದೆ.

## ಹಂತ 6: ಒಂದು ಕಾಲು ಪೂರ್ತಿ ಮಾಡಿ, ಆಮೇಲೆ ಮೂರು

ನಾಲ್ಕು ಕಾಲನ್ನೂ ಒಟ್ಟಿಗೆ ಕಟ್ಟುತ್ತಾ ಹೋಗಬೇಡಿ. ಒಂದನ್ನು ಮುಗಿಸಿ, ಪರೀಕ್ಷಿಸಿ, ತಿದ್ದಿ. ತಿದ್ದಿದ ಮೇಲೆ ಹಂತ ಹಂತಕ್ಕೆ ಫೋಟೊ ತೆಗೆದುಕೊಂಡು ಅದನ್ನು ನೋಡಿ ಉಳಿದ ಮೂರು ಕಟ್ಟಿ. ಎಡಗಾಲು ಬಲಗಾಲು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗು ಇರುತ್ತವೆ ಅನ್ನುವುದು ನೆನಪಿರಲಿ.

ಕಟ್ಟುವ ಕ್ರಮ: ಮೊದಲು ಬೀಮ್‌ಗಳಿಂದ ಮೂಳೆ, ಆಮೇಲೆ ಇಟ್ಟಿಗೆಗಳಿಂದ ಮಾಂಸ. ತೊಡೆಗೆ ಎರಡು ಬೀಮ್ ಜೋಡಿಯಾಗಿ, ನಡುವೆ ಒಂದು ಸ್ಟಡ್ ಜಾಗ. ಕಣಕಾಲಿನ ಬೀಮ್ ಆ ಜಾಗದಲ್ಲಿ ತೂರಿ ಎರಡೂ ಕಡೆಯಿಂದ ಹಿಡಿತ ಪಡೆಯಲಿ. ಒಂದು ಬೀಮಿನ ಪಕ್ಕಕ್ಕೆ ಇನ್ನೊಂದನ್ನು ಸುಮ್ನೆ ಪಿನ್ ಹೊಡೆದು ನಿಲ್ಲಿಸಿದರೆ ಕಾಲು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ.

ಮಂಡಿಯ ಹಿಂದೆ ಅಡ್ಡ ಬೀಮ್ ಹಾಕಿ ತೊಡೆಗೂ ಕಣಕಾಲಿಗೂ ಪಿನ್ ಹೊಡೆಯಿರಿ. ಹೊರಗೆ ಕವಚ ಬಂದಾಗ ಇದು ಕಾಣುವುದಿಲ್ಲ. ಕವಚವನ್ನು ಈ ಮೂಳೆಗೆ ತೂಗುಹಾಕಿ, ಅದರ ಮೇಲೆ ಭಾರ ಬೀಳದಿರಲಿ. ಎಷ್ಟೋ ಕಾಲುಗಳಲ್ಲಿ ಅಂದಕ್ಕೆಂದು ಹಾಕಿದ ಟೈಲ್‌ಗಳೇ ತೂಕ ಹೊರುತ್ತಿರುತ್ತವೆ. ಅವು ಒಂದೊಂದಾಗಿ ಉದುರುವುದು ಅದಕ್ಕೇ.

ನಾಲ್ಕೂ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ಸೊಂಟದ ತೂತಿನ ಎತ್ತರ ಅಳೆಯಿರಿ. ಒಂದು ಪ್ಲೇಟಿನಷ್ಟು ವ್ಯತ್ಯಾಸ ಕಂಡರೂ ಈಗಲೇ ಸರಿ ಮಾಡಿ. 3.2 ಮಿ.ಮೀ. ಗಿಡ್ಡ ಇರುವ ಒಂದು ಕಾಲು ಇಡೀ ಮೈಯನ್ನು ಆ ಮೂಲೆಗೆ ಎಳೆಯುತ್ತದೆ.

## ಹಂತ 7: ಬೆನ್ನೆಲುಬು ಮತ್ತು ಸೊಂಟ

ಪ್ರತಿ ಬದಿಗೆ 20 ಸ್ಟಡ್ ಉದ್ದದ ತೊಲೆ ಬೇಕು. ಕೆಳಗಿನ ಸಾಲಿಗೆ 16ರ ಟೆಕ್ನಿಕ್ ಇಟ್ಟಿಗೆ, ಆಮೇಲೆ 4ರದ್ದು. ಮೇಲೆ ಎರಡು ಪದರ ಪ್ಲೇಟ್. ಅದರ ಮೇಲಿನ ಸಾಲಿಗೆ ಮೊದಲು 4ರದ್ದು, ಆಮೇಲೆ 16ರದ್ದು. ಗೋಡೆ ಕಟ್ಟುವವರು ಸಂದಿಯ ಮೇಲೆ ಸಂದಿ ಬರದ ಹಾಗೆ ನೋಡಿಕೊಳ್ಳುತ್ತಾರಲ್ಲ, ಅದೇ ನಿಯಮ. ಎರಡನೇ ಹಂತದಲ್ಲಿ ಹೇಳಿದ ಮೂರು ತೂತಿನ ಬೀಮನ್ನು ಮೂರು ನಾಲ್ಕು ಕಡೆ ನೆಟ್ಟಗೆ ಹೊಡೆಯಿರಿ. ಎರಡೂ ಬದಿಯ ತೊಲೆಗಳನ್ನು ಮೇಲೆ ಮತ್ತು ಕೆಳಗೆ ಅಡ್ಡ ಪ್ಲೇಟ್‌ಗಳಿಂದ ಜೋಡಿಸಿದರೆ ಗಟ್ಟಿ ಪೆಟ್ಟಿಗೆಯಾಗುತ್ತದೆ. ಮೇಲೆ ಮಾತ್ರ ಜೋಡಿಸಿ ಕೆಳಗೆ ಬಿಟ್ಟರೆ ಎರಡು ತೊಲೆಗಳೂ ಹೊರಕ್ಕೆ ಬಾಗುತ್ತವೆ.

ಮುಂದಿನ ಸೊಂಟಕ್ಕೂ ಹಿಂದಿನ ಸೊಂಟಕ್ಕೂ 16 ಸ್ಟಡ್ ಅಂತರ ಇರಲಿ.

ಕಾಲು ಮೈಯ ಹೊರಗೆ ಇರುವುದರಿಂದ ಸೊಂಟದ ಆಕ್ಸಲ್ (+ ಆಕಾರದ ಕಡ್ಡಿ; ಕ್ಲಿಕ್ ಹಿಂಜ್ ಕೋನ ಹಿಡಿಯುತ್ತದೆ, ಇದು ಭಾರ ಹೊರುತ್ತದೆ) ಮೇಲೆ ಬೀಳುವ ಭಾರ ಪಕ್ಕಕ್ಕೆ ಎಳೆಯುತ್ತದೆ. ಆಕ್ಸಲ್ ಒಂದೇ ತೊಲೆಯ ತೂತಿನಲ್ಲಿ ನಿಂತಿದ್ದರೆ ಕಾಲು ಹೊರಗೆ ಹರಡುವುದು ಖಂಡಿತ. ಒಳಗೆ 3 ಅಥವಾ 4 ಸ್ಟಡ್ ದೂರದಲ್ಲಿ ಇನ್ನೊಂದು ಟೆಕ್ನಿಕ್ ಇಟ್ಟಿಗೆ ಹಾಕಿ, ಆಕ್ಸಲ್ ಎರಡರಲ್ಲೂ ತೂರಿ ಹೋಗಲಿ. ಎರಡು ತುದಿಗೂ ಬುಶ್ (ಆಕ್ಸಲ್ ಜಾರದಂತೆ ತಡೆಯುವ ಸಣ್ಣ ಬಳೆ) ಹಾಕಿ. ಎಡದಿಂದ ಬಲಕ್ಕೆ ಒಂದೇ ಉದ್ದ ಆಕ್ಸಲ್ ಹಾಕುವ ಆಸೆ ಬರುತ್ತದೆ. ಬೇಡ. ಎರಡೂ ಕಾಲುಗಳು + ಆಕಾರದ ತೂತಿನಲ್ಲಿ ಅದಕ್ಕೆ ಕಚ್ಚಿಕೊಂಡರೆ ಎರಡೂ ಒಂದೇ ಕೋನಕ್ಕೆ ತಿರುಗುತ್ತವೆ. ಒಂದು ಮುಂದೆ ಒಂದು ಹಿಂದೆ ಇಡಲು ಆಗುವುದಿಲ್ಲ.

## ಹಂತ 8: ಸುಳ್ಳು ತೂಕ, ಒಂದು ರಾತ್ರಿ

ಈಗ ನಿಮ್ಮ ಮುಂದೆ ನಾಲ್ಕು ಕಾಲು, ಒಂದು ಬೋಳು ಬೆನ್ನೆಲುಬು ಇದೆ. ಹೊರಮೈ ಕಟ್ಟಲು ಕೈ ತುರಿಸುತ್ತದೆ. ದಯವಿಟ್ಟು ತಡೆಯಿರಿ.

ಚೀಲಗಳಿಗೆ ಬಿಡಿ ಇಟ್ಟಿಗೆ ತುಂಬಿ, ಬೆನ್ನೆಲುಬನ್ನೂ ಸೇರಿಸಿ 800 ಗ್ರಾಂ ಆಗುವ ಹಾಗೆ ಬೆನ್ನೆಲುಬಿನ ಮೇಲೆ ಕಟ್ಟಿ. ಅದರಲ್ಲಿ ತಲೆಯ ಪಾಲನ್ನು ಮುಂದುಗಡೆ ನೇತುಹಾಕಿ. ನಾಲ್ಕೂ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ಹೊಟ್ಟೆಯ ನಾಲ್ಕು ಮೂಲೆಗಳ ಎತ್ತರ ಬರೆದಿಡಿ. ರಾತ್ರಿಯಿಡೀ ಬಿಡಿ.

ಬೆಳಿಗ್ಗೆ ಪಾದ ಗೆರೆ ದಾಟಿದ್ದರೆ ತೊಂದರೆ ಸೊಂಟದಲ್ಲಿ ಅಥವಾ ಪಾದದ ಹಿಡಿತದಲ್ಲಿ. ಪಾದ ಅಲ್ಲೇ ಇದ್ದು ಮೂಲೆ ಇಳಿದಿದ್ದರೆ ತೊಂದರೆ ಮಂಡಿಯಲ್ಲಿ. ಮೈ ಮಧ್ಯೆ ಜೋತಿದ್ದರೆ ಬೆನ್ನೆಲುಬಿನಲ್ಲಿ. ಹೀಗೆ ಜಾಗ ಹಿಡಿದು ಸರಿಪಡಿಸಿ, ಮತ್ತೆ ಒಂದು ರಾತ್ರಿ ಬಿಡಿ. ಈ ಪರೀಕ್ಷೆ ಗೆಲ್ಲದ ಕಾಲಿನ ಮೇಲೆ ಒಂದು ಪ್ಲೇಟನ್ನೂ ಇಡಬೇಡಿ.

## ಹಂತ 9: ತಲೆ, ಕುತ್ತಿಗೆ ಮತ್ತು ತೂಕದ ಮಧ್ಯ

ಹೊರಮೈಗಿಂತ ಮೊದಲು ತಲೆ ಕಟ್ಟಿ. ತಲೆ ಮುಂದಕ್ಕೆ ಚಾಚಿರುವುದರಿಂದ ಅದರ ಒಂದೊಂದು ಗ್ರಾಮೂ ಮೈಯ ಗ್ರಾಮಿಗಿಂತ ಹೆಚ್ಚು ಕಾಡುತ್ತದೆ. ಒಳಗೆ ಟೊಳ್ಳಾಗಿರಲಿ. ಕುತ್ತಿಗೆ ಬೆನ್ನೆಲುಬಿಗೆ ನೇರವಾಗಿ ಪಿನ್ ಆಗಬೇಕು. ಹೊರಮೈಯ ಪ್ಲೇಟಿಗೆ ಸಿಕ್ಕಿಸಿದ ಕುತ್ತಿಗೆ ಒಂದು ದಿನ ಆ ಪ್ಲೇಟನ್ನೇ ಕಿತ್ತುಕೊಂಡು ಬೀಳುತ್ತದೆ.

ತೂಕ ಎಲ್ಲಿ ಕೂತಿದೆ ಎಂದು ನೋಡಲು ಮುಂಗಾಲುಗಳನ್ನು ತಕ್ಕಡಿಯ ಮೇಲೆ, ಹಿಂಗಾಲುಗಳನ್ನು ತಕ್ಕಡಿಯಷ್ಟೇ ಎತ್ತರದ ಪುಸ್ತಕದ ಮೇಲೆ ನಿಲ್ಲಿಸಿ. ಹೊರಮೈ ಇನ್ನೂ ಬಂದಿಲ್ಲವಾದ್ದರಿಂದ ಅದರ ಜಾಗದಲ್ಲಿ ಚೀಲಗಳು ಹಾಗೇ ಇರಲಿ. ಒಟ್ಟು 1200 ಗ್ರಾಂನಲ್ಲಿ ತಕ್ಕಡಿ 750 ತೋರಿಸಿತು ಅಂದುಕೊಳ್ಳಿ. 750ನ್ನು 1200ರಿಂದ ಭಾಗಿಸಿ 16ರಿಂದ ಗುಣಿಸಿದರೆ 10. ತೂಕದ ಮಧ್ಯ ಹಿಂಗಾಲಿನಿಂದ 10 ಸ್ಟಡ್ ಮುಂದೆ ಇದೆ. ಇರಬೇಕಾದ್ದು 8ರಲ್ಲಿ. ಅಂದರೆ 2 ಸ್ಟಡ್ ಮುಂದೆ ವಾಲಿದೆ.

ಪರಿಹಾರಕ್ಕೆ ಹಿಂದೆ ತೂಕ ತುಂಬುವುದು ಸುಲಭ ಅನ್ನಿಸುತ್ತದೆ, ಆದರೆ ಅದರಿಂದ ಕಾಲಿನ ಹೊರೆ ಹೆಚ್ಚುತ್ತದೆ. ಮೊದಲು ತಲೆ ಹಗುರ ಮಾಡಿ. ಆಮೇಲೆ ಕುತ್ತಿಗೆ ಒಂದು ಸ್ಟಡ್ ಗಿಡ್ಡ ಮಾಡಿ. ಆಗಲೂ ಸಾಲದಿದ್ದರೆ ಮಾತ್ರ ಹಿಂದೆ ತೂಕ ಇಡಿ, ಅದೂ ಹೊಟ್ಟೆಯ ತಳದಲ್ಲಿ.

ಕೊನೆಗೆ ವಾಲುವ ಪರೀಕ್ಷೆ. ಮಾದರಿಯನ್ನು 30 ಸೆಂ.ಮೀ. ಹಲಗೆಯ ಮೇಲೆ ನಿಲ್ಲಿಸಿ ಒಂದು ತುದಿಯನ್ನು 5 ಸೆಂ.ಮೀ. ಎತ್ತಿ. ಸುಮಾರು 10 ಡಿಗ್ರಿ ಓರೆಯಾಗುತ್ತದೆ. ನಾಲ್ಕು ದಿಕ್ಕಿಗೂ ಮಾಡಿ, ಒಂದು ಕೈ ಹತ್ತಿರ ಇಟ್ಟುಕೊಂಡೇ ಮಾಡಿ. ನಾಲ್ಕರಲ್ಲೂ ಅಲುಗದೆ ನಿಂತರೆ ಶೆಲ್ಫಿಗೆ ಯಾರಾದರೂ ಮೈ ತಾಗಿಸಿದಾಗ ಬೀಳುವುದಿಲ್ಲ.

## ಹಂತ 10: ಹೊರಮೈ

ಇಲ್ಲಿ ಹೇಳುವುದು ಕಡಿಮೆ, ಇದು ನಿಮ್ಮ ಕಲ್ಪನೆಯ ಜಾಗ. ಎರಡೇ ಮಾತು. ಹೊರಮೈಯನ್ನು L ಆಕಾರದ ಬ್ರಾಕೆಟ್‌ಗಳ ಮೇಲೆ ಪಕ್ಕಕ್ಕೆ ತಿರುಗಿಸಿ ಹಲಗೆ ಹಲಗೆಯಾಗಿ ಕೂರಿಸಿ, ಆಗ ಯಾವ ಹಲಗೆಯನ್ನಾದರೂ ತೆಗೆದು ಒಳಗಿನ ಪಿನ್ ನೋಡಬಹುದು. ಪ್ರತಿ ಹಲಗೆ ಮುಗಿದಾಗ ತೂಗಿ ಬರೆದಿಡಿ, ಅಷ್ಟೇ ತೂಕದ ಚೀಲ ಕೆಳಗಿಳಿಸಿ. 800 ದಾಟುವ ಹಾಗೆ ಕಂಡರೆ ಒಳಗಿನ ಇಟ್ಟಿಗೆಗಳನ್ನು ತೆಗೆದು ಪ್ಲೇಟ್ ಹಾಕಿ.

## ಹಂತ 11: ಭಂಗಿ

ಕಾಲು ಓರೆಯಾದರೆ ಎತ್ತರ ಕಡಿಮೆಯಾಗುತ್ತದೆ. 14 ಸೆಂ.ಮೀ. ಕಾಲನ್ನು 22.5 ಡಿಗ್ರಿ ಓರೆ ಮಾಡಿದರೆ ಸೊಂಟದ ಎತ್ತರ ಸುಮಾರು 12.9 ಸೆಂ.ಮೀ.ಗೆ ಇಳಿಯುತ್ತದೆ. ಒಂದು ಇಟ್ಟಿಗೆಯ ಎತ್ತರಕ್ಕಿಂತ ಜಾಸ್ತಿ. ಎರಡು ಕಾಲು ನೆಟ್ಟಗೆ, ಎರಡು ಓರೆ ಇಟ್ಟರೆ ಪಾದಗಳು ನೆಲ ಮುಟ್ಟುವುದಿಲ್ಲ, ಮೈ ತೂಗಾಡುತ್ತದೆ.

ಸುಲಭದ ನಡಿಗೆ ಭಂಗಿ ಹೀಗೆ: ಎಡ ಮುಂಗಾಲು ಮತ್ತು ಬಲ ಹಿಂಗಾಲು 22.5 ಡಿಗ್ರಿ ಮುಂದಕ್ಕೆ. ಬಲ ಮುಂಗಾಲು ಮತ್ತು ಎಡ ಹಿಂಗಾಲು ಅಷ್ಟೇ ಹಿಂದಕ್ಕೆ. ನಾಲ್ಕೂ ಒಂದೇ ಕೋನದಲ್ಲಿರುವುದರಿಂದ ಎತ್ತರ ಸಮ ಬರುತ್ತದೆ. ಪಾದ ಮಾತ್ರ ಜಾರಬಾರದು. ಸ್ಟಡ್ ಇರುವ ತಳಹಲಗೆ ಮಾಡಿ ಪ್ರತಿ ಪಾದವನ್ನು ಎರಡು ಸ್ಟಡ್‌ಗೆ ಕಚ್ಚಿಸಿದರೆ ಸೊಂಟದ ಹೊರೆ ತುಂಬಾ ಇಳಿಯುತ್ತದೆ.

ಒಂದು ಪಾದ ಗಾಳಿಯಲ್ಲಿ ಎತ್ತಿದ ಭಂಗಿ ಎಲ್ಲರಿಗೂ ಇಷ್ಟ. ಆದರೆ ತೂಕದ ಮಧ್ಯ ಸರಿಯಾಗಿ ಮೈಯ ನಡುವೆ ಇದ್ದರೆ, ಒಂದು ಪಾದ ಎತ್ತಿದಾಗ ಅದು ಉಳಿದ ಮೂರು ಪಾದಗಳ ತ್ರಿಕೋನದ ಅಂಚಿನ ಮೇಲೇ ಬೀಳುತ್ತದೆ. ಊದಿದರೂ ಉರುಳುವ ಸ್ಥಿತಿ. ಎಡ ಮುಂಗಾಲು ಎತ್ತಬೇಕಿದ್ದರೆ ತೂಕವನ್ನು ಬಲ ಹಿಂಗಾಲಿನ ಕಡೆ ತಳ್ಳಬೇಕು. ಆ ಹಿಂಗಾಲಿನ ಪಾದದೊಳಗೆ ಕಬ್ಬಿಣದ ನಟ್ ತುಂಬಿದರೆ ಸಾಕಾಗಬಹುದು. ಸಾಲದಿದ್ದರೆ ತಲೆಯನ್ನು ಬಲಕ್ಕೆ ತಿರುಗಿಸಿ. ತಲೆ ತಿರುಗಿಸಿದರೆ ಭಂಗಿಗೂ ಜೀವ ಬರುತ್ತದೆ.

## ಈ ಸೂಚನೆ ಕಂಡರೆ ಕೆಲಸ ನಿಲ್ಲಿಸಿ ನೋಡಿ

ಪಾದದ ಹೊರ ಅಂಚು ಕೂದಲೆಳೆಯಷ್ಟು ನೆಲ ಬಿಟ್ಟಿದೆಯೇ? ಸೊಂಟ ಹರಡಲು ಶುರುವಾಗಿದೆ. ಹೊರಮೈಯ ಹಲಗೆಗಳ ನಡುವೆ ನಿನ್ನೆ ಇಲ್ಲದ ಬಿರುಕು ಕಂಡರೆ ಬೆನ್ನೆಲುಬು ಬಾಗುತ್ತಿದೆ. ರಾತ್ರಿ ಟಿಕ್ ಅಂತ ಸದ್ದು ಕೇಳಿದರೆ ಎಲ್ಲೋ ಒಂದು ಪ್ಲೇಟ್ ಸ್ಟಡ್‌ನಿಂದ ಏಳುತ್ತಿದೆ, ಕುತ್ತಿಗೆಯ ಬುಡದಲ್ಲಿ ಮೊದಲು ನೋಡಿ. ತೂತಿನ ಸುತ್ತ ಬಿಳಿಚಿಕೊಂಡ ಗೆರೆ ಕಂಡ ತುಂಡು ಮುರಿಯುವುದಕ್ಕೆ ಹತ್ತಿರದಲ್ಲಿದೆ, ಬದಲಿಸಿಬಿಡಿ. ಬಿಗಿಯಾಗಿದ್ದ ಕೀಲು ಒಂದೇ ಬೆರಳಿಗೆ ತಿರುಗಿದರೆ ಅದರ ಪಿನ್ ಸವೆದಿದೆ.

ನೇರ ಬಿಸಿಲು ಬೀಳುವ ಕಡೆ ಇಡಬೇಡಿ. ಬಣ್ಣ ಹೋಗುತ್ತದೆ, ಬಿಸಿಯಾದ ಪ್ಲಾಸ್ಟಿಕ್ ಬೇಗ ಬಾಗುತ್ತದೆ. ತೊಳೆಯುವುದಿದ್ದರೆ ಬಿಚ್ಚಿ, 40 ಡಿಗ್ರಿ ಸೆಲ್ಸಿಯಸ್ ದಾಟದ ನೀರಿನಲ್ಲಿ ತೊಳೆಯಿರಿ. ಎತ್ತುವಾಗ ಯಾವಾಗಲೂ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ, ತಲೆ ಹಿಡಿದು ಬೇಡ.

## ನಡೆಯಲೇಬೇಕು ಅನ್ನುವವರಿಗೆ

ನಿಲ್ಲುವ ಒಂದು ಮಾದರಿ ಮುಗಿಸಿದ ಮೇಲೆ ಇದಕ್ಕೆ ಕೈ ಹಾಕಿ. ಕಾಲಿಗೆ ಚೆಬಿಶೆವ್ ಜೋಡಣೆ (ಸುತ್ತುವ ಚಲನೆಯನ್ನು ಹೆಚ್ಚುಕಡಿಮೆ ನೇರ ಚಲನೆಯಾಗಿಸುವ ಬೀಮ್ ಜೋಡಣೆ) ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದರ ಅಳತೆಗಳು ಪೂರ್ಣ ಸಂಖ್ಯೆಗಳು: ತಿರುಗುವ ಕ್ರ್ಯಾಂಕ್ 2, ಎರಡು ಸ್ಥಿರ ಬಿಂದುಗಳ ನಡುವೆ 4, ತೂಗುವ ಬೀಮ್ 5, ಪಾದ ಇರುವ ಉದ್ದ ಬೀಮ್ 10, ಅದರ ಸರಿ ಮಧ್ಯಕ್ಕೆ ತೂಗುವ ಬೀಮ್ ಸೇರಬೇಕು. ಇವೆಲ್ಲ ತೂತುಗಳ ನಡುವಿನ ಅಂತರ, ತೂತುಗಳ ಸಂಖ್ಯೆಯಲ್ಲ. ಉದ್ದ ಬೀಮಿಗೆ 11 ತೂತು ಬೇಕು. ಜನ ಎಡವುವುದು ಇಲ್ಲೇ.

ಈ ಜೋಡಣೆಯಲ್ಲಿ ಕ್ರ್ಯಾಂಕಿನ ಅರ್ಧ ಸುತ್ತು ಪಾದ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ, ಇನ್ನರ್ಧ ಎತ್ತಿಕೊಂಡು ವಾಪಸ್ ಬರುತ್ತದೆ. ಅಂದರೆ ನಾಲ್ಕು ಕಾಲಿದ್ದರೆ ಯಾವಾಗಲೂ ಎರಡೇ ಪಾದ ನೆಲದಲ್ಲಿ. ಎರಡು ಪಾದದ ಮೇಲೆ ಮೈ ವಾಲುವುದು ಸಹಜ. ಪಾದಗಳನ್ನು ಒಳಕ್ಕೆ ಅಗಲ ಮಾಡಿ ಮೈಯ ನಡುಗೆರೆ ದಾಟಿಸಿ, ಒಂದು ಪಾದ ಇನ್ನೊಂದಕ್ಕೆ ತಾಗದಂತೆ ಹಿಂದೆ ಮುಂದೆ ಜಾಗ ಬಿಡಿ. ಇಲ್ಲವೇ ಆರು ಕಾಲು ಹಾಕಿ ಮೂರು ಮೂರಾಗಿ ಎತ್ತಿಸಿ. ನನ್ನ ಒಲವು ಆರು ಕಾಲಿನ ಕಡೆಗೇ.

ಮೋಟಾರಿನ ವೇಗ ಇಳಿಸಲು ವರ್ಮ್ ಗೇರ್ (ಸ್ಕ್ರೂ ಥರದ ಗೇರ್) ಮತ್ತು 24 ಹಲ್ಲಿನ ಗೇರ್ ಸಾಕು, 24 ಸುತ್ತಿಗೆ ಒಂದು ಸುತ್ತು. ಮೋಟಾರ್ ನಿಂತಾಗ ವರ್ಮ್ ಗೇರ್ ಹಿಂದಕ್ಕೆ ತಿರುಗುವುದಿಲ್ಲ, ಹಾಗಾಗಿ ಮೈ ಕುಸಿಯುವುದೂ ಇಲ್ಲ. ಬ್ಯಾಟರಿ ಪೆಟ್ಟಿಗೆ ಹೊಟ್ಟೆಯ ತಳದಲ್ಲಿರಲಿ. ಮೋಟಾರ್ ಜೋಡಿಸುವ ಮೊದಲು ಆಕ್ಸಲ್ಲನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ ನೋಡಿ. ಎಲ್ಲಾದರೂ ಬೆರಳಿಗೆ ತಡೆ ಸಿಕ್ಕರೆ ಆ ಜಾಗದ ಬುಶ್‌ ಅನ್ನು ಕೂದಲೆಳೆಯಷ್ಟು ಸಡಿಲಿಸಿ, ಮತ್ತೆ ತಿರುಗಿಸಿ. ಹತ್ತು ಸುತ್ತೂ ಒಂದೇ ಸಮ ಬಂದ ಮೇಲೆ ಮೋಟಾರ್ ಹಾಕಿ.